ಜೈಲಿನಿಂದ ಬಂದವರು ಊರಲ್ಲಿ ನೆಲೆ ನಿಲ್ಲಬೇಕಾದರೆ: ಕಾಸರಗೋಡಿನ ಕುಟುಂಬಗಳಿಗೂ ನೆರೆಕರೆಯವರಿಗೂ ಒಂದು ಕೈಪಿಡಿ

ಜೈಲಿನಿಂದ ಹೊರಬಂದವರು ಮತ್ತೆ ಊರಿನವರಾಗುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ಮೂರು ತಿಂಗಳೊಳಗೆ ತೀರ್ಮಾನವಾಗಿಬಿಡುತ್ತದೆ. ಆ ಅವಧಿಯಲ್ಲಿ ಮಲಗಲು ಒಂದು ಜಾಗ, ಸರಿಯಾದ ಕಾಗದಪತ್ರ, ವಾರದಲ್ಲಿ ನಾಲ್ಕು ದಿನವಾದರೂ ಕೆಲಸ ಮತ್ತು ಕರೆ ಮಾಡಿದರೆ ಫೋನ್ ಎತ್ತುವ ಒಬ್ಬ ವ್ಯಕ್ತಿ, ಇಷ್ಟು ದೊರೆತವರು ನಿಧಾನವಾಗಿಯಾದರೂ ಚೇತರಿಸಿಕೊಳ್ಳುವುದನ್ನು ಕಂಡಿದ್ದೇನೆ. ಇದರಲ್ಲಿ ಎರಡು ತಪ್ಪಿದರೂ ಹಳೆಯ ದಾರಿಯೇ ಹತ್ತಿರವಾಗುತ್ತದೆ. ಈ ನಾಲ್ಕನ್ನೂ ಬಿಡುಗಡೆಯಾದ ಮೇಲೆ ಹುಡುಕಲು ಹೊರಟರೆ ತಡವಾಗುವುದರಿಂದ, ಒಳಗಿರುವಾಗಲೇ ಹೊರಗಿನ ಸಿದ್ಧತೆ ನಡೆಯಬೇಕು ಎಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು.

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡಿಗರಿಗೆ ಈ ಸಿದ್ಧತೆ ಬೇರೆಯವರಿಗಿಂತ ಸ್ವಲ್ಪ ಕಷ್ಟದ್ದು. ಮನೆಯಲ್ಲಿ ತುಳುವೋ ಕನ್ನಡವೋ ಹವ್ಯಕವೋ ಆಡುವ ಕುಟುಂಬಕ್ಕೆ ಬರುವ ಕಾಗದಗಳು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿರುತ್ತವೆ. ಒಂದೇ ವ್ಯಕ್ತಿಯ ಮೇಲೆ ಕಾಸರಗೋಡಿನ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ, ಪುತ್ತೂರಿನಲ್ಲಿ ಇನ್ನೊಂದು, ಮಂಗಳೂರಿನಲ್ಲಿ ಮತ್ತೊಂದು ಇರುವುದು ಗಡಿನಾಡಿನಲ್ಲಿ ಅಪರೂಪವೇನಲ್ಲ. ಆಸ್ಪತ್ರೆ, ಕೂಲಿ, ನೆಂಟಸ್ತಿಕೆ ಎಲ್ಲವೂ ಕರ್ನಾಟಕದ ಗಡಿಯಾದ ತಲಪಾಡಿಯ ಆಚೆಗೂ ಹರಡಿರುವಾಗ ಜಿಲ್ಲೆ ಬಿಟ್ಟು ಹೋಗಬಾರದು ಎಂಬ ಒಂದು ಸಾಲಿನ ಷರತ್ತು ಇಡೀ ಸಂಸಾರವನ್ನು ಕಟ್ಟಿಹಾಕಬಲ್ಲದು.

ಬಿಡುಗಡೆಗೆ ಮೊದಲು

ನಮ್ಮ ಜಿಲ್ಲೆಯವರು ಸಾಮಾನ್ಯವಾಗಿ ಇರುವುದು ಕಾಸರಗೋಡಿನ ಸಬ್ ಜೈಲು, ಹೊಸದುರ್ಗದ ಜಿಲ್ಲಾ ಜೈಲು, ದೀರ್ಘ ಶಿಕ್ಷೆಯಾದರೆ ಕಣ್ಣೂರಿನ ಸೆಂಟ್ರಲ್ ಜೈಲು, ಒಳ್ಳೆಯ ನಡತೆಯ ಕೆಲವರು ಚೀಮೇನಿಯ ಬಯಲು ಬಂದೀಖಾನೆಯಲ್ಲಿ. ಬಿಡುಗಡೆಯ ದಿನ ಹತ್ತಿರವಾಗುತ್ತಿದೆ ಎಂದು ಗೊತ್ತಾದ ಕೂಡಲೇ ಕುಟುಂಬದಿಂದ ಒಬ್ಬರು ಭೇಟಿಗೆ ಹೋಗಿ, ಸುಖದುಃಖದ ಮಾತಿನ ಜೊತೆಗೆ ಒಂದು ಪಟ್ಟಿಯನ್ನೂ ಮಾಡಿಕೊಂಡು ಬರಬೇಕು. ಆ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಬಾಕಿ ಮೊಕದ್ದಮೆಗಳ ವಿವರ.

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಒಂದು ಪ್ರಕರಣದಲ್ಲಿ ಶಿಕ್ಷೆ ಮುಗಿದರೂ ಇನ್ನೊಂದು ನ್ಯಾಯಾಲಯದ ವಾರಂಟ್ ಬಾಕಿಯಿದ್ದರೆ, ಗೇಟಿನ ಹೊರಗೆ ಮನೆಯವರು ಹೂವಿನಂಥ ಮನಸ್ಸಿಟ್ಟುಕೊಂಡು ಕಾಯುತ್ತಿರುವಾಗಲೇ ಪೊಲೀಸರು ಮತ್ತೆ ಕರೆದೊಯ್ಯಬಹುದು. ಕರ್ನಾಟಕದ ಮದ್ಯದ ಪ್ಯಾಕೆಟ್ ಸಾಗಿಸಿದ ಅಬಕಾರಿ ಪ್ರಕರಣ, ಹಿಂದೆಂದೋ ಆದ ಹೊಡೆದಾಟ, ಹಾಜರಾಗದೆ ಬಿಟ್ಟ ಚೆಕ್ ಪ್ರಕರಣ, ಇಂಥವು ವರ್ಷಗಟ್ಟಲೆ ಕಡತದಲ್ಲಿ ಕುಳಿತಿದ್ದು ಅದೇ ಹೊತ್ತಿಗೆ ಎದ್ದು ಬರುತ್ತವೆ. ಇ-ಕೋರ್ಟ್ಸ್ ಎಂಬ ಸರಕಾರಿ ಆ್ಯಪ್‌ನಲ್ಲಿ ಯಾವುದೇ ಖರ್ಚಿಲ್ಲದೆ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಹುಡುಕುವಾಗ ಕೇರಳವನ್ನು ಮಾತ್ರವಲ್ಲದೆ ದಕ್ಷಿಣ ಕನ್ನಡ ಮತ್ತು ಕೊಡಗಿನ ನ್ಯಾಯಾಲಯಗಳನ್ನೂ ಆರಿಸಿ ನೋಡಬೇಕು, ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಬೇಕು, ಏಕೆಂದರೆ ಕೇರಳದ ಪೊಲೀಸರು ಕೇಳಿ ಬರೆದುಕೊಂಡ ಹೆಸರಿಗೂ ಮಂಗಳೂರಿನಲ್ಲಿ ದಾಖಲಾದ ಹೆಸರಿಗೂ ಒಂದಕ್ಷರ ಆಚೀಚೆಯಾಗಿರುವುದು ತೀರ ಸಾಮಾನ್ಯ. ಬಾಕಿ ಪ್ರಕರಣ ಸಿಕ್ಕರೆ ಅಡಗಿಸಿಡುವುದರಿಂದ ಪ್ರಯೋಜನವಿಲ್ಲ; ಒಳಗಿರುವಾಗಲೇ ವಕೀಲರ ಮೂಲಕ ಆ ನ್ಯಾಯಾಲಯಕ್ಕೆ ಹಾಜರುಪಡಿಸಿ ಜಾಮೀನು ಕೇಳಿಸುವುದೇ ಸರಿಯಾದ ದಾರಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಬಂಧನವಿಲ್ಲದಿದ್ದರೂ ಇದೆ. ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ವಿಚಾರಣಾಧೀನ ಕೈದಿಗಳ ಬಗ್ಗೆ ಇನ್ನೊಂದು ವಿಷಯ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಹಿಂದೆಂದೂ ಶಿಕ್ಷೆಯಾಗದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲವನ್ನು ಒಳಗೆ ಕಳೆದಿದ್ದರೆ ಬಿಡುಗಡೆ ಮಾಡಬೇಕೆನ್ನುತ್ತದೆ, ಉಳಿದವರಿಗೆ ಈ ಲೆಕ್ಕ ಅರ್ಧ; ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಪಡಿಸಬಹುದಾದ ಅಪರಾಧಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೆ ಇದು ಅನ್ವಯಿಸುವುದಿಲ್ಲ. ಜಾಮೀನು ಸಿಕ್ಕಿಯೂ ಭದ್ರತೆಯ ಹಣ ಕಟ್ಟಲಾಗದೆ, ಅಥವಾ ಶಿಕ್ಷೆ ಮುಗಿದರೂ ದಂಡ ಕಟ್ಟಲಾಗದೆ ಒಳಗೇ ಉಳಿದವರಿಗಾಗಿ ಕೇಂದ್ರ ಸರಕಾರವು 2023ರಲ್ಲಿ ಬಡ ಕೈದಿಗಳ ನೆರವಿನ ಯೋಜನೆಯನ್ನು ತಂದಿದೆ. ಯೋಜನೆ ಆರಂಭವಾದಾಗ ಜಾಮೀನಿಗೆ 40,000 ರೂಪಾಯಿವರೆಗೆ, ದಂಡಕ್ಕೆ 25,000 ರೂಪಾಯಿವರೆಗೆ ನೆರವು ಎಂದು ನಿಗದಿಯಾಗಿತ್ತು. ಮಾದಕ ವಸ್ತು ಕಾಯ್ದೆಯಂಥ ಕೆಲವು ಪ್ರಕರಣಗಳು ಇದರ ಹೊರಗಿವೆ. ಜೈಲಿನ ಅಧೀಕ್ಷಕರ ಮೂಲಕ ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಜಾಮೀನು ನಿಲ್ಲುವವರನ್ನು ಹುಡುಕುವಾಗ ಭೂಮಿಯ ತೀರ್ವೆ ರಶೀದಿ ಕೊಟ್ಟವರಿಗೆ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕು. ಆರೋಪಿ ತಪ್ಪಿಸಿಕೊಂಡರೆ ನ್ಯಾಯಾಲಯ ಹಣ ವಸೂಲು ಮಾಡುವುದು ಅವರಿಂದ. ದಾಕ್ಷಿಣ್ಯಕ್ಕೆ ಸಹಿ ಹಾಕಿದ ಮಾವ ಆಮೇಲೆ ಮುಖ ಕೊಟ್ಟು ಮಾತನಾಡದಂತಾದರೆ, ಊರಿನಲ್ಲಿ ಇರಬಹುದಾಗಿದ್ದ ಒಂದು ಆಸರೆಯೂ ಕಡಿದಂತೆ.

ಪಟ್ಟಿಯಲ್ಲಿ ಸೇರಬೇಕಾದ ಉಳಿದವು ಚಿಕ್ಕ ವಿಷಯಗಳೇ ಆದರೂ ಒಂದನ್ನೂ ಬಿಡಬಾರದು: ತೀರ್ಪಿನ ಪ್ರತಿ, ಬಿಡುಗಡೆ ಪತ್ರ, ಜೈಲಿನಲ್ಲಿ ದುಡಿದ ಕೂಲಿಯ ಲೆಕ್ಕ, ಅಲ್ಲಿ ಕಲಿತ ಕೆಲಸದ ಪ್ರಮಾಣಪತ್ರ ಇದ್ದರೆ ಅದು, ಮತ್ತು ಮದ್ದಿನ ಚೀಟಿ. ಕೊನೆಯದು ಬಹಳ ಮುಖ್ಯ. ಕ್ಷಯಕ್ಕೋ ರಕ್ತದೊತ್ತಡಕ್ಕೋ ಮಾನಸಿಕ ಕಾಯಿಲೆಗೋ ಒಳಗೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಹೊರಬಂದ ಮೂರನೆಯ ದಿನ ಮಾತ್ರೆ ಮುಗಿದು ಸುಮ್ಮನಾಗುತ್ತಾರೆ. ಯಾವ ಮದ್ದು, ಎಷ್ಟು ದಿನದ್ದು ಉಳಿದಿದೆ ಎಂದು ಜೈಲಿನ ವೈದ್ಯರಿಂದ ಬರೆಸಿಕೊಂಡು, ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಆ ವಾರವೇ ತೋರಿಸಬೇಕು.

ಶಿಕ್ಷೆಗೊಳಗಾದವರ ಅವಧಿಪೂರ್ವ ಬಿಡುಗಡೆಯ ಪ್ರಶ್ನೆ ಬಂದಾಗ ಪೊಲೀಸರೂ ಜಿಲ್ಲಾ ಪ್ರೊಬೇಷನ್ ಅಧಿಕಾರಿಯೂ ಊರಿಗೆ ಬಂದು ವಿಚಾರಿಸುತ್ತಾರೆ. ಆಗ ನೆರೆಕರೆಯವರು ಏನು ಹೇಳುತ್ತಾರೆ, ಮನೆಯವರು ಸೇರಿಸಿಕೊಳ್ಳಲು ಸಿದ್ಧರಿದ್ದಾರೆಯೇ ಎಂಬುದು ವರದಿಯಲ್ಲಿ ಬರುತ್ತದೆ. ಹೆದರಿಕೆಯಿಂದ ಏನೂ ಗೊತ್ತಿಲ್ಲ ಎಂದು ಬಾಗಿಲು ಹಾಕಿಕೊಳ್ಳುವ ಬದಲು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಪ್ರೊಬೇಷನ್ ಅಧಿಕಾರಿ ಪೊಲೀಸ್ ಅಲ್ಲ. ಕೇರಳದಲ್ಲಿ ಅವರು ಸಾಮಾಜಿಕ ನ್ಯಾಯ ಇಲಾಖೆಯವರು. ತಪ್ಪು ತಿದ್ದಿಕೊಂಡು ಬಾಳಲು ನೆರವಾಗುವ ಆ ಇಲಾಖೆಯ ನೇರ್ವಳಿ ಯೋಜನೆ, ಬಿಡುಗಡೆಯಾದವರ ಸ್ವ ಉದ್ಯೋಗಕ್ಕೆ ಸಿಗುವ ಸಹಾಯಧನ, ಕೈದಿಗಳ ಮಕ್ಕಳ ವಿದ್ಯಾಭ್ಯಾಸದ ನೆರವು, ಎಲ್ಲದಕ್ಕೂ ಬಾಗಿಲು ಅವರ ಕಚೇರಿಯೇ. ನಮ್ಮ ಕಡೆಯ ಕನ್ನಡ ಕುಟುಂಬಗಳಲ್ಲಿ ಈ ಕಚೇರಿಯ ಹೆಸರು ಕೇಳಿದವರು ಕಡಿಮೆ, ಹೋದವರು ಇನ್ನೂ ಕಡಿಮೆ. ಅರ್ಜಿ ಬರೆಯಲು ಮಲಯಾಳ ಬಾರದೆಂದು ಹಿಂಜರಿಯಬಾರದು. ಸಂವಿಧಾನದ 350ನೇ ವಿಧಿಯು ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕೆಲಸ ಬೇಗ ಆಗಬೇಕಾದಲ್ಲಿ ಮಾತ್ರ ಮಲಯಾಳ ಬಲ್ಲವರಿಂದ ಒಂದು ಪ್ರತಿಯನ್ನು ಜೊತೆಗಿಡುವುದು ಲೇಸು. ಹಕ್ಕಿನ ಹೋರಾಟಕ್ಕೆ ಬೇರೆ ಸಂದರ್ಭಗಳಿವೆ. ಒಬ್ಬರ ಸಹಾಯಧನವನ್ನು ಅದಕ್ಕೆ ಪಣವಿಡಬಾರದು.

ಗಡಿ ಮತ್ತು ಷರತ್ತುಗಳು

ಜಾಮೀನಿನ ಆದೇಶವನ್ನು ಪ್ರತಿಯೊಂದು ಸಾಲೂ ಅರ್ಥವಾಗುವಂತೆ ಕನ್ನಡದಲ್ಲಿ ಓದಿ ಹೇಳುವುದು ಸಹಾಯಕ್ಕೆ ನಿಂತವರ ಮೊದಲ ಕರ್ತವ್ಯ. ಯಾವ ಠಾಣೆಗೆ, ವಾರದ ಯಾವ ದಿನ, ಎಷ್ಟು ಗಂಟೆಗೆ ಸಹಿ ಹಾಕಲು ಹೋಗಬೇಕು, ಯಾರನ್ನು ಭೇಟಿಯಾಗಬಾರದು, ಯಾವ ಪಂಚಾಯತಿಗೆ ಕಾಲಿಡಬಾರದು, ರಾಜ್ಯ ಬಿಟ್ಟು ಹೋಗಲು ಅನುಮತಿ ಬೇಕೇ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಬೇಕು. ವರ್ಕಾಡಿಯಲ್ಲೋ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಮನೆಯಿರುವವರಿಗೆ ಪೇಟೆಗೆ ಹೋಗುವ ದಾರಿಯೇ ಕರ್ನಾಟಕವನ್ನು ಮುಟ್ಟಿಕೊಂಡು ಹೋಗಬಹುದು. ತೋಟದ ಒಂದು ಬದಿ ಇಲ್ಲಿ, ಇನ್ನೊಂದು ಬದಿ ಅಲ್ಲಿ ಇರಬಹುದು. ನ್ಯಾಯಾಲಯಕ್ಕೆ ಇದು ತಾನಾಗಿ ಗೊತ್ತಿರುವುದಿಲ್ಲ. ಮಂಗಳೂರಿನ ಆಸ್ಪತ್ರೆಯ ಚೀಟಿ, ಕೆಲಸ ಕೊಡುವವರ ಪತ್ರ, ಮನೆಯ ಸ್ಥಾನ ತೋರಿಸುವ ಗ್ರಾಮ ಕಚೇರಿಯ ದಾಖಲೆ ಇವುಗಳೊಂದಿಗೆ ಷರತ್ತು ಸಡಿಲಿಸಲು ಅರ್ಜಿ ಹಾಕಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಅನುಮತಿ ಸಿಗುವ ಮೊದಲೇ ಒಂದು ದಿನಕ್ಕಲ್ಲವೇ ಎಂದು ಉಳ್ಳಾಲಕ್ಕೆ ಮೀನಿನ ಕೆಲಸಕ್ಕೆ ಹೋಗುವುದು ಮಾತ್ರ ಬೇಡ. ಷರತ್ತು ಮುರಿದರೆ ಜಾಮೀನೇ ರದ್ದಾಗಬಹುದು.

ಸಮಾಜವಿರೋಧಿ ಚಟುವಟಿಕೆ ತಡೆಯುವ ಕೇರಳದ 2007ರ ಕಾಪಾ ಕಾಯ್ದೆಯಡಿ ಜಿಲ್ಲೆಗೆ ಪ್ರವೇಶ ನಿರ್ಬಂಧಿಸಿದ ಆದೇಶ ಇರುವವರ ಸ್ಥಿತಿ ಬೇರೆ. ಅವಧಿ ಮುಗಿಯುವ ತನಕ ಅವರನ್ನು ಊರಿಗೆ ಕರೆತರುವುದು ಅವರಿಗೇ ಅಪಾಯ. ಜಿಲ್ಲೆಯ ಹೊರಗೆ ನಂಬಿಕೆಯ ನೆಂಟರ ಮನೆಯಲ್ಲಿ ಉಳಿಸಿ, ಮನೆಯವರು ಅಲ್ಲಿಗೆ ಹೋಗಿ ಬರುವುದೊಂದೇ ದಾರಿ.

ಬರುವ ದಿನ ಮತ್ತು ಆಮೇಲಿನ ವಾರಗಳು

ಬಿಡುಗಡೆಯ ದಿನ ಮನೆಯವರು ಅಥವಾ ಒಪ್ಪಿಗೆಯಿರುವ ಒಬ್ಬ ಸ್ನೇಹಿತರು ವಾಹನದೊಂದಿಗೆ ಗೇಟಿನ ಬಳಿ ಇರಬೇಕು. ಕಣ್ಣೂರಿನಿಂದ ರೈಲಿನಲ್ಲಿ ಕಾಸರಗೋಡಿಗೆ ಬಂದು, ಮುಳ್ಳೇರಿಯಕ್ಕೋ ಪೆರ್ಲಕ್ಕೋ ಹೋಗುವ ಕೊನೆಯ ಬಸ್ಸು ತಪ್ಪಿ, ಸ್ಟ್ಯಾಂಡಿನಲ್ಲಿ ರಾತ್ರಿ ಕಳೆಯಬೇಕಾದವರಿಗೆ ಮೊದಲು ಸಿಗುವವರು ಹಳೆಯ ಜೊತೆಗಾರರು, ಮೊದಲು ಸಿಗುವುದು ಮದ್ಯ. ಮಾದಕ ವಸ್ತುವಿನ ಚಟವಿದ್ದವರ ವಿಷಯದಲ್ಲಿ ಇದು ಜೀವಕ್ಕೇ ಸಂಬಂಧಿಸಿದ್ದು: ಒಳಗೆ ತಿಂಗಳುಗಟ್ಟಲೆ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವುದಿಲ್ಲ, ಆದುದರಿಂದ ಬಿಡುಗಡೆಯ ನಂತರದ ಮೊದಲ ಎರಡು ವಾರಗಳಲ್ಲಿ ಅತಿಪ್ರಮಾಣದಿಂದ ಸಾಯುವ ಅಪಾಯ ಬಹಳ ಹೆಚ್ಚು. ಮನೆಯವರಿಗೆ ಇದು ಸ್ಪಷ್ಟವಾಗಿ ಗೊತ್ತಿರಬೇಕು. ಕೇರಳದ ಅಬಕಾರಿ ಇಲಾಖೆಯ ವಿಮುಕ್ತಿ ಕೇಂದ್ರಗಳಲ್ಲಿ ಚಿಕಿತ್ಸೆಯಿದೆ, ಅದರ ಸಂಖ್ಯೆ 14405. ಮನಸ್ಸು ಕುಸಿದವರಿಗೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು.

ಮೊದಲ ದಿನಗಳಲ್ಲಿ ಮನೆಗೆ ನೆಂಟರನ್ನು ತುಂಬಿಸಬಾರದು. ದೀರ್ಘಕಾಲ ಒಳಗಿದ್ದವರಿಗೆ ಸಣ್ಣ ಸಂಗತಿಗಳೇ ಭಾರವಾಗುತ್ತವೆ. ಜೈಲಿನ ಕೋಣೆಗಳಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ತೋಟದ ಮಧ್ಯದ ಮನೆಯ ಗವ್ವೆನ್ನುವ ಕತ್ತಲೆಯಲ್ಲಿ ಕಣ್ಣು ಮುಚ್ಚಲಾಗದೆ ಜಗಲಿಯಲ್ಲಿ ಬೆಳಗಿನ ತನಕ ಕುಳಿತಿರುವವರನ್ನು ಕಂಡು ಮನೆಯವರು ಹೆದರಿ ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಓಡುತ್ತಾರೆ. ಚಾವಡಿಯಲ್ಲಿ ಒಂದು ಸಣ್ಣ ಬಲ್ಬು ಉರಿಯಲು ಬಿಡಿ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬಡಿಸಿದ್ದನ್ನು ಎರಡು ನಿಮಿಷದಲ್ಲಿ ಉಂಡು ತಟ್ಟೆ ತೊಳೆದಿಡುವುದು, ಯಾವ ಅಂಗಿ ಬೇಕೆಂದು ಕೇಳಿದರೆ ಉತ್ತರ ಹೊಳೆಯದಿರುವುದು, ಹೆಂಡತಿ ಮಕ್ಕಳೊಂದಿಗೆ ಮಾತು ಹೊರಡದಿರುವುದು, ಇವೆಲ್ಲ ಅಹಂಕಾರವೂ ಅಲ್ಲ ಹುಚ್ಚೂ ಅಲ್ಲ. ಇಷ್ಟು ವರ್ಷ ಮನೆ ನಡೆಸಿದ ಹೆಂಡತಿಯ ಕೈಯಿಂದ ಯಜಮಾನಿಕೆಯನ್ನು ಮರುದಿನವೇ ಕಿತ್ತುಕೊಂಡು ಬಂದವರಿಗೆ ಒಪ್ಪಿಸಬೇಕೆಂದು ಹಿರಿಯರು ಒತ್ತಾಯಿಸುವುದೂ ಇದೆ. ಅದು ಆಕೆಗೂ ಅನ್ಯಾಯ, ಅವರಿಗೂ ಹೊರಲಾಗದ ಹೊರೆ.

ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಸತ್ಯ ಹೇಳಬೇಕು. ಅಪ್ಪ ಗಲ್ಫಿನಲ್ಲಿದ್ದಾರೆ ಎಂದು ಹೇಳಿಕೊಂಡು ಬಂದ ಮನೆಗಳು ನಮ್ಮಲ್ಲಿ ಇವೆ. ಶಾಲೆಯ ಬಸ್ಸಿನಲ್ಲಿ ಬೇರೆ ಮಕ್ಕಳ ಬಾಯಿಂದ ನಿಜ ಕೇಳಿದ ಮಗು ಆಮೇಲೆ ಅಪ್ಪನನ್ನೂ ನಂಬುವುದಿಲ್ಲ, ಅಮ್ಮನನ್ನೂ ನಂಬುವುದಿಲ್ಲ.

ಸಹಾಯಕ್ಕೆ ಹೋದವರಿಗೆ ಒಂದು ಮಾತು. ಅಕ್ಕಿ ಕಿಟ್ ಕೊಟ್ಟ ಫೋಟೋವನ್ನು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬರು ಜೈಲಿನಿಂದ ಬಂದವರೆಂಬುದನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂದು ತೀರ್ಮಾನಿಸುವ ಅಧಿಕಾರ ಅವರದು ಮಾತ್ರ. ಈ ಒಂದು ವಿಷಯದಲ್ಲಿ ಸಂಘಸಂಸ್ಥೆಗಳು ತೋರುವ ಅಜಾಗ್ರತೆ ನನಗೆ ಬಹಳ ನೋವು ತಂದಿದೆ.

ಕಾಗದಪತ್ರಗಳ ಗಂಟು

ಬಂದ ಮೊದಲ ವಾರದಲ್ಲೇ ಸರಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಈ ಗಂಟಿನ ಬಿಗಿ ಗೊತ್ತು. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಆಧಾರ್ ಬೇಕು. ಆಧಾರಿನ ಒಟಿಪಿ ಹೋಗುವುದು ಹಳೆಯ ಮೊಬೈಲ್ ಸಂಖ್ಯೆಗೆ. ಬಳಕೆಯಿಲ್ಲದೆ ಮೂರು ತಿಂಗಳು ಕಳೆದ ಸಂಖ್ಯೆಯನ್ನು ಕಂಪನಿ ರದ್ದು ಮಾಡಿ ಬೇರೆ ಯಾರಿಗೋ ಕೊಟ್ಟಿರುತ್ತದೆ. ಹಾಗಾದರೆ ಬೆರಳಚ್ಚು ಕೊಡಿ ಎನ್ನುತ್ತಾರೆ. ವರ್ಷಗಟ್ಟಲೆ ಕಲ್ಲು ಮಣ್ಣಿನ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಒರೆಸಿ, ಮತ್ತೆ ಇಟ್ಟು, ಇನ್ನೊಂದು ಬೆರಳು ಇಟ್ಟು, ಹಿಂದೆ ಸರತಿಯಲ್ಲಿ ನಿಂತವರು ಗೊಣಗಲು ಶುರುಮಾಡಿದಾಗ, ಇರಲಿ ಬಿಡಿ ಎಂದು ಎದ್ದು ಹೋದವರು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ಆದುದರಿಂದ ಅನುಕ್ರಮ ಮುಖ್ಯ, ಜೊತೆಗೊಬ್ಬರು ಇರುವುದು ಅದಕ್ಕಿಂತ ಮುಖ್ಯ. ಮೊದಲು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಮೊಬೈಲ್ ಸಂಖ್ಯೆಯ ಬದಲಾವಣೆ. ಇದಕ್ಕೆ ಬೇರೆ ದಾಖಲೆಪತ್ರ ಬೇಡ, ಬೆರಳು ಓದದಿದ್ದರೆ ಕಣ್ಣಿನ ಪಾಪೆಯ ಗುರುತು ತೆಗೆಯಲು ಕೇಳಬಹುದು. ನಂತರ ಬ್ಯಾಂಕ್: ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ಕೆವೈಸಿ ಕೊಟ್ಟರೆ ಶುಲ್ಕವಿಲ್ಲದೆ ಮತ್ತೆ ಜೀವ ಬರುತ್ತದೆ. ಅದಾದ ಮೇಲೆ ರೇಷನ್ ಕಾರ್ಡು, ಉದ್ಯೋಗ ಖಾತರಿಯ ಕಾರ್ಡು, ಆರೋಗ್ಯ ವಿಮೆ. ವಾಹನ ಚಾಲನಾ ಪರವಾನಗಿಯ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು; ಅಲ್ಲಿಯ ತನಕ ತಮ್ಮನ ರಿಕ್ಷಾವನ್ನು ಸುಮ್ಮನೆ ಓಡಿಸಿ ಹೊಸ ಪ್ರಕರಣ ಮಾಡಿಕೊಳ್ಳಬಾರದು.

ಮತದಾನದ ಹಕ್ಕಿನ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಜೈಲಿನೊಳಗೆ ಅಥವಾ ಪೊಲೀಸರ ವಶದಲ್ಲಿ ಇರುವಾಗ ಮಾತ್ರ ಮತ ಹಾಕುವಂತಿಲ್ಲ. ಹೊರಬಂದವರಿಗೆ ಪೂರ್ಣ ಹಕ್ಕಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಫಾರಂ 6 ತುಂಬಿಸಿ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯ ಬಳಿಕ ಆರು ವರ್ಷ ಶಾಸನಸಭೆ, ಲೋಕಸಭೆಗೆ ಸ್ಪರ್ಧಿಸುವಂತಿಲ್ಲ ಎಂಬುದು ಬೇರೆ ನಿಯಮ. ಮತಗಟ್ಟೆಯ ಸಾಲಿನಲ್ಲಿ ನೆರೆಯವರೊಂದಿಗೆ ನಿಲ್ಲುವುದು ಊರಿಗೆ ಮರಳುವ ಕೆಲಸದಲ್ಲಿ ಸಣ್ಣ ಹೆಜ್ಜೆಯೇನಲ್ಲ.

ಗಲ್ಫಿನ ಆಸೆ ಇರುವವರಿಗೆ ಪಾಸ್‌ಪೋರ್ಟಿನ ನಿಯಮವನ್ನು ಮೊದಲೇ ತಿಳಿಸಬೇಕು, ಇಲ್ಲವಾದರೆ ಏಜೆಂಟರ ಕೈಗೆ ಸಿಕ್ಕಿ ಇರುವ ಹಣವನ್ನೂ ಕಳೆದುಕೊಳ್ಳುತ್ತಾರೆ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ನೈತಿಕ ಅಧಃಪತನದ (ಕಳವು, ವಂಚನೆಯಂಥ) ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ, ಆ ತೀರ್ಪಿನಿಂದ ಐದು ವರ್ಷದೊಳಗೆ ಅರ್ಜಿ ಹಾಕಿದವರಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಮೊಕದ್ದಮೆ ಇನ್ನೂ ನಡೆಯುತ್ತಿರುವವರು ಆ ನ್ಯಾಯಾಲಯದ ಅನುಮತಿ ಪಡೆದರೆ ಸೀಮಿತ ಅವಧಿಯ ಪಾಸ್‌ಪೋರ್ಟ್ ಪಡೆಯಬಹುದು. ವಿಷಯ ಮುಚ್ಚಿಟ್ಟು ಅರ್ಜಿ ಹಾಕುವುದು ಪ್ರತ್ಯೇಕ ಅಪರಾಧ.

1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3 ಅಥವಾ 4ನೇ ಕಲಮಿನಡಿ ಎಚ್ಚರಿಕೆ ಕೊಟ್ಟೋ, ಒಳ್ಳೆಯ ನಡತೆಯ ಷರತ್ತಿನಲ್ಲಿ ಪ್ರೊಬೇಷನ್ ಮೇಲೋ ಬಿಡಲ್ಪಟ್ಟವರಿಗೆ, ಅದೇ ಕಾಯ್ದೆಯ 12ನೇ ಕಲಮು ಶಿಕ್ಷೆಗೊಳಗಾದವರೆಂಬ ಅನರ್ಹತೆ ಅಂಟುವುದಿಲ್ಲ ಎಂದು ಹೇಳುತ್ತದೆ. ಇದು ಅನೇಕ ಯುವಕರಿಗೆ ಗೊತ್ತೇ ಇಲ್ಲ.

ಕೆಲಸ ಕೊಡುವವರಿಗೆ

ಅಡಿಕೆ ತೋಟದ ಮಾಲಕರಲ್ಲಿ ನನ್ನ ವಿನಂತಿ ಇದು: ಆಳಿಲ್ಲ ಎಂದು ವರ್ಷವಿಡೀ ಹೇಳುವ ನಾವು ಜೈಲಿನಿಂದ ಬಂದ ಒಬ್ಬರನ್ನು ಕೆಲಸಕ್ಕೆ ಕರೆಯಲು ಹಿಂದೆಮುಂದೆ ನೋಡುತ್ತೇವೆ. ಕರೆಯುವುದಾದರೆ ಋತು ನೋಡಿ ಕರೆಯಿರಿ. ಮಳೆಗಾಲದಲ್ಲಿ ಬಂದವರಿಗೆ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಇರುತ್ತದೆ, ಆದರೆ ಮರ ಹತ್ತುವ ಅಭ್ಯಾಸ ತಪ್ಪಿದ ದೇಹವನ್ನು ಜಾರುವ ಮರಕ್ಕೆ ಏರಿಸಬಾರದು. ಕೆಳಗೆ ಸುಣ್ಣ ಮೈಲುತುತ್ತು ಕಲಸುವ, ಪೈಪು ಹಿಡಿಯುವ ಕೆಲಸದಿಂದ ಆರಂಭಿಸಬಹುದು. ಬೇಸಗೆಯಲ್ಲಿ ಅಂಗಳದಲ್ಲಿ ಅಡಿಕೆ ಹರಗುವುದು, ಹೆಕ್ಕುವುದು, ಸುಲಿಯುವುದು ಇರುತ್ತದೆ. ಸುಲಿಯುವ ಕೆಲಸ ಇಂಥವರಿಗೆ ಬಹಳ ಹೊಂದುತ್ತದೆ ಎಂಬುದು ನನ್ನ ಅನುಭವ. ಕಿಲೋ ಲೆಕ್ಕದ ಕೂಲಿಯಾದುದರಿಂದ ಯಾರ ಮರ್ಜಿಯೂ ಇಲ್ಲ. ಕುಳಿತಲ್ಲೇ ಕೈ ನಡೆಯುತ್ತದೆ. ನಾಲ್ಕು ಜನ ಸುತ್ತ ಕುಳಿತಿದ್ದರೂ ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಮೊದಲ ದಿನಗಳಲ್ಲಿ ತಲೆ ತಗ್ಗಿಸಿ ಸುಲಿಯುತ್ತಿದ್ದವರು, ಯಾರೋ ಆಚೆ ಮನೆಯ ದನ ಕಟ್ಟು ಬಿಚ್ಚಿ ಬಂದ ಸುದ್ದಿ ತೆಗೆದಾಗ, ತಾವಾಗಿ ಒಂದು ಮಾತು ಸೇರಿಸುತ್ತಾರೆ.

ಮೈಗಟ್ಟಿಯಿರುವವರಿಗೆ ತೆಂಗಿನ ಮರ ಹತ್ತುವ ಯಂತ್ರದ ತರಬೇತಿ ಒಳ್ಳೆಯ ದಾರಿ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಇಂಥ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಕಣ್ಣೂರಿನಂಥ ಜೈಲುಗಳಲ್ಲಿ ಚಪಾತಿ, ಬಿರಿಯಾನಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಹೊರಗೆ ಮಾರುವ ವ್ಯವಸ್ಥೆ ಇರುವುದರಿಂದ, ಅಲ್ಲಿ ಅಡುಗೆ ಕಲಿತು ಬಂದವರು ಕ್ಯಾಟರಿಂಗಿನವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ.

ಕೂಲಿಯಲ್ಲಿ ಕಡಿತ ಮಾಡಬೇಡಿ. ಬೇರೆ ಎಲ್ಲಿಯೂ ಕೆಲಸ ಸಿಗದವರು ಎಂಬ ಕಾರಣಕ್ಕೆ ನೂರೋ ಇನ್ನೂರೋ ಕಡಿಮೆ ಕೊಡುವುದು ಶೋಷಣೆ, ಅದನ್ನು ಉಪಕಾರವೆಂದು ಕರೆಯುವುದು ಇನ್ನೂ ತಪ್ಪು. ನಂಬಿಕೆ ಪರೀಕ್ಷಿಸಲೆಂದು ಮೇಜಿನ ಮೇಲೆ ಹಣ ಬಿಟ್ಟು ಹೋಗುವ ಚಾಳಿಯೂ ಬೇಡ. ಏನಾದರೂ ಕಾಣೆಯಾದಾಗ ಎಲ್ಲರನ್ನೂ ಕೇಳುವಂತೆಯೇ ಅವರನ್ನೂ ಕೇಳಿ, ಅವರನ್ನೇ ಮೊದಲು ಕೇಳಬೇಡಿ. ಠಾಣೆಗೆ ಸಹಿಗೆ ಹೋಗುವ ದಿನ, ನ್ಯಾಯಾಲಯದ ತಾರೀಕಿನ ದಿನ ರಜೆ ಕೊಡಲೇಬೇಕು. ಆ ದಿನ ಬಾರದವರನ್ನು ಬೇಜವಾಬ್ದಾರಿ ಎಂದು ಬಿಟ್ಟುಹಾಕಿದರೆ, ಕಾನೂನು ಪಾಲಿಸಿದ್ದಕ್ಕೇ ಶಿಕ್ಷೆ ಕೊಟ್ಟಂತಾಗುತ್ತದೆ.

ನೊಂದವರು ಇರುವ ಊರಿಗೆ

ಕೊಲೆಯೋ ಹಲ್ಲೆಯೋ ನಡೆದ ಮನೆ ಎರಡು ತೋಟಗಳಾಚೆ ಇರುವಾಗ ಮರಳಿ ಬರುವುದು ಬೇರೆಯೇ ವಿಷಯ. ಸಹಾಯ ಮಾಡಲು ಹೊರಟವರು ಒಂದು ಕಡೆಯ ನೋವನ್ನು ಮಾತ್ರ ಕಾಣುವ ಅಪಾಯ ಇಲ್ಲಿದೆ. ನೊಂದ ಕುಟುಂಬಕ್ಕೆ ಬಿಡುಗಡೆಯ ಸುದ್ದಿ ಬಸ್ಸಿನಲ್ಲಿ ಎದುರಾದಾಗ ಗೊತ್ತಾಗಬಾರದು. ಎರಡೂ ಕಡೆಯವರು ಗೌರವಿಸುವ ಒಬ್ಬರು, ವಾರ್ಡ್ ಸದಸ್ಯರೋ ಹಿರಿಯ ಅಧ್ಯಾಪಕರೋ, ಮೊದಲೇ ಹೋಗಿ ಸಮಾಧಾನದಿಂದ ತಿಳಿಸಬೇಕು. ಕ್ಷಮೆ ಕೇಳಿಸಲು ಯಾರನ್ನೂ ಆ ಮನೆಗೆ ಎಳೆದೊಯ್ಯಬಾರದು, ಕ್ಷಮಿಸಿ ಎಂದು ಆ ಮನೆಯವರನ್ನು ಒತ್ತಾಯಿಸುವುದಂತೂ ಸಲ್ಲದು. ದೈವದ ಕೋಲದಲ್ಲೋ ಜಾತ್ರೆಯಲ್ಲೋ ಎಲ್ಲರೆದುರು ಇಬ್ಬರನ್ನೂ ನಿಲ್ಲಿಸಿ ರಾಜಿ ಮಾಡಿಸಿದರೆ ಊರಿಗೆ ಸಮಾಧಾನವಾಗಬಹುದು. ನೊಂದವರ ಮೇಲೆ ಹೊರಿಸಿದ ಆ ಒಪ್ಪಿಗೆ ಬಹಳ ದಿನ ಬಾಳುವುದಿಲ್ಲ. ಮೊದಲ ವರ್ಷ ದಾರಿ, ಅಂಗಡಿ, ಆರಾಧನೆಯ ಹೊತ್ತು ಇವುಗಳನ್ನು ಎದುರಾಗದಂತೆ ಹೊಂದಿಸಿಕೊಳ್ಳುವುದೇ ಸಾಕು.

ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರನ್ನು ಆ ಮಗು ಇರುವ ಮನೆಗಾಗಲಿ, ಮಕ್ಕಳಿರುವ ಬೇರೆ ಮನೆಗಾಗಲಿ ಕರೆತರಬಾರದು. ಇಲ್ಲಿ ಮನೆತನದ ಮರ್ಯಾದೆ, ಅಜ್ಜಿಯ ಕಣ್ಣೀರು ಯಾವುದೂ ಮಗುವಿನ ಸುರಕ್ಷತೆಗಿಂತ ದೊಡ್ಡದಲ್ಲ. ಅವರಿಗೂ ಕೆಲಸ ಬೇಕು, ನೆಲೆ ಬೇಕು, ಆದರೆ ಅದು ಬೇರೆ ಸ್ಥಳದಲ್ಲಿ, ಪ್ರೊಬೇಷನ್ ಅಧಿಕಾರಿಯ ಅರಿವಿನಲ್ಲಿ ಆಗಬೇಕು.

ಹೆಣ್ಣುಮಕ್ಕಳು ಬಿಡುಗಡೆಯಾಗಿ ಬಂದಾಗ ಗೇಟಿನ ಬಳಿ ಯಾರೂ ಇರದಿರುವುದೇ ಹೆಚ್ಚು. ಗಂಡನ ಮನೆಯವರು ಬಾಗಿಲು ಮುಚ್ಚಿರುತ್ತಾರೆ, ತವರಿನಲ್ಲಿ ಅತ್ತಿಗೆಯಂದಿರು ಸುಮ್ಮನಿರುತ್ತಾರೆ. ತವರಿನಲ್ಲಿ ಒಂದು ಕೋಣೆಯನ್ನಾದರೂ ಮಾತಾಡಿ ಇಡುವುದು, ಆಗದಿದ್ದರೆ ಸರಕಾರದ ಮಹಿಳಾ ಮಂದಿರದಲ್ಲಿ ತಾತ್ಕಾಲಿಕ ವಸತಿ ಕೇಳುವುದು ಬಿಡುಗಡೆಗೆ ಮೊದಲೇ ಆಗಬೇಕು. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ನೆರೆಕೂಟದ ಮಹಿಳೆಯರು ಮನಸ್ಸು ಮಾಡಿದರೆ ಬೇರೆ ಯಾರಿಂದಲೂ ಆಗದ ಕೆಲಸ ಅವರಿಂದ ಆಗುತ್ತದೆ. ವಾರದ ಸಭೆಗೆ ಆಕೆಯನ್ನು ಕರೆದು ಚಾಪೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡರೆ ಊರಿನ ಬಾಯಿ ಅರ್ಧ ಮುಚ್ಚುತ್ತದೆ.

ಮತ್ತೆ ಪೊಲೀಸರು ಬಂದರೆ

ಊರಿನಲ್ಲಿ ಕಳವೋ ಗಲಾಟೆಯೋ ಆದಾಗ ಮೊದಲು ವಿಚಾರಣೆಗೆ ಕರೆಯುವುದು ಹೀಗೆ ಬಂದವರನ್ನೇ. ಕರೆ ಬಂದ ತಕ್ಷಣ ಓಡಿಹೋಗದಂತೆ ಅವರನ್ನು ಮೊದಲೇ ಸಿದ್ಧಪಡಿಸಿರಬೇಕು. ಓಡಿದರೆ ಇಲ್ಲದ ಅನುಮಾನವೂ ಗಟ್ಟಿಯಾಗುತ್ತದೆ. ಜೊತೆಗೆ ಒಬ್ಬರು ಠಾಣೆಗೆ ಹೋಗಬೇಕು, ಯಾವ ಪ್ರಕರಣದಲ್ಲಿ ಕರೆದಿದ್ದಾರೆಂದು ಕೇಳಿ ಬರೆದುಕೊಳ್ಳಬೇಕು. ಆ ದಿನ ಕೆಲಸದಲ್ಲಿದ್ದರೆ ಕೂಲಿ ಪುಸ್ತಕದ ಆ ಪುಟದ ಪ್ರತಿ ಕೊಡಬೇಕು. ದಿನ ಹಾಕಿ ಕೂಲಿ ಬರೆದಿಡಿ ಎಂದು ಮಾಲಕರಿಗೆ ಹೇಳುವುದು ಇದಕ್ಕಾಗಿಯೂ ಹೌದು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಮಾಹಿತಿ ಕೊಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗಲು ಅವಕಾಶ ಕೊಡಬೇಕು. ಕರ್ನಾಟಕದ ಪೊಲೀಸರು ಬಂದು ಕರೆದೊಯ್ದರೆ ಯಾವ ಠಾಣೆ, ಯಾವ ನ್ಯಾಯಾಲಯ ಎಂದು ಅಲ್ಲಿಯೇ ಕೇಳಿಟ್ಟುಕೊಂಡು, ಆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅದೇ ದಿನ ತಿಳಿಸಬೇಕು. 15100 ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ.

ನಿಜವಾಗಿಯೂ ಮತ್ತೆ ತಪ್ಪು ಮಾಡಿದ್ದೇ ಆದರೆ ಅದನ್ನು ಸಮರ್ಥಿಸಬೇಕಾಗಿಲ್ಲ, ಮುಚ್ಚಬೇಕಾಗಿಯೂ ಇಲ್ಲ. ಕಾನೂನಿನ ಕೆಲಸ ಕಾನೂನು ಮಾಡಲಿ. ಭೇಟಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಮೊದಲ ವಾರದಲ್ಲೇ ಹೋಗಿ, ಮಕ್ಕಳ ಶಾಲೆಯ ಶುಲ್ಕ ಯಾರು ಕಟ್ಟುತ್ತಿದ್ದಾರೆ, ಮಾತ್ರೆ ಸಿಗುತ್ತಿದೆಯೇ, ಹಳೆಯ ಷರತ್ತಿನ ಪ್ರಕಾರ ಸಹಿ ಹಾಕಬೇಕಿದ್ದ ಠಾಣೆಗೆ ಈ ಬಂಧನದ ವಿಷಯ ಲಿಖಿತವಾಗಿ ತಿಳಿಸಲಾಗಿದೆಯೇ ಎಂದು ವಿಚಾರಿಸಿ, ಮುಂದಿನ ಬಿಡುಗಡೆಯ ಪಟ್ಟಿಯನ್ನು ಅಲ್ಲಿಂದಲೇ ಬರೆಯಲು ಆರಂಭಿಸಿ.